ಹೊಳೆ ಬರುವ ಮೊದಲು: ನದಿ ದಂಡೆಯ ಮನೆಯವರು ಮಾಡಿಟ್ಟುಕೊಳ್ಳಬೇಕಾದ ಕೆಲಸಗಳು

ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಲ್ಲಿ ಪ್ರವಾಹ ಎಂಬ ಶಬ್ದ ಕೇಳಿಸುವುದು ಅಪರೂಪ. ‘ಹೊಳೆ ಬಂತು’ ಎನ್ನುತ್ತಾರೆ. ವರ್ಷವೆಲ್ಲ ತನ್ನ ಪಾಡಿಗೆ ಹರಿಯುವ ಹೊಳೆ ಒಂದು ದಿನ ಕಬ್ಬಿನ ಹೊಲ ದಾಟಿ, ಊರ ಅಗಸೆ ಬಾಗಿಲು ದಾಟಿ, ಮನೆಯ ಕಟ್ಟೆಯವರೆಗೆ ಬರುತ್ತದೆ. ನಾನು ಮಲಪ್ರಭೆಯ ದಂಡೆಯಲ್ಲಿ ಬೆಳೆದವನು. 2009ರ ಹಸ್ತ ಮಳೆಯ ಹೊಳೆಯನ್ನೂ 2019ರ ಆಶ್ಲೇಷ ಮಳೆಯ ಹೊಳೆಯನ್ನೂ ಕಂಡಿದ್ದೇನೆ. 2019ರಲ್ಲಿ ನಮ್ಮ ಓಣಿಯಲ್ಲಿ ಹೆಚ್ಚು ಕಳೆದುಕೊಂಡವರಿಗೂ ನೀರು ಬರುವ ಸುದ್ದಿ ಮೊದಲೇ ಸಿಕ್ಕಿತ್ತು. ಆದರೂ ಅವರು ಕೊನೆಯ ಗಳಿಗೆಯವರೆಗೆ ಮನೆ ಬಿಡಲಿಲ್ಲ. ದನಗಳನ್ನು ಎಲ್ಲಿ ಕಟ್ಟುವುದು, ಜೋಳದ ಚೀಲಗಳನ್ನು ಎಲ್ಲಿಡುವುದು, ಹಾಸಿಗೆ ಹಿಡಿದ ಅಜ್ಜಿಯನ್ನು ಹೇಗೆ ಎತ್ತಿಕೊಂಡು ಹೋಗುವುದು ಎಂಬುದೇ ತೀರ್ಮಾನವಾಗಿರಲಿಲ್ಲ. ನೀರು ಕಟ್ಟೆಗೆ ಬಡಿಯುವಾಗ ಇಂಥ ತೀರ್ಮಾನಗಳು ಆಗುವುದಿಲ್ಲ, ಬೇಸಿಗೆಯಲ್ಲಿ ಆಗಬೇಕು. ಆದ್ದರಿಂದ ಕಾರಹುಣ್ಣಿಮೆಯೊಳಗೆ ಮುಗಿಸಬೇಕಾದ ಕೆಲಸಗಳನ್ನು ಮೊದಲು ಹೇಳುತ್ತೇನೆ.

1. ಎರಡು ಗೆರೆ ಎಳೆಯಿರಿ

ಮೇ ತಿಂಗಳ ಒಂದು ಸಂಜೆ ಮನೆಯ ಹಿರಿಯರೊಂದಿಗೆ ಕುಳಿತು, ಹಿಂದಿನ ಸಲ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ದೀಪದ ಗೂಡಿನ ತನಕ ಬಂದಿತ್ತು, ದೇವರ ಜಗಲಿ ಮುಳುಗಿತ್ತು ಎಂದು ಸರಿಯಾಗಿ ತೋರಿಸುತ್ತಾರೆ. ಅಲ್ಲಿ ಆಯಿಲ್ ಪೇಂಟಿನಿಂದ ಗೆರೆ ಎಳೆದು ವರ್ಷ ಬರೆಯಿರಿ. ಮನೆ ಹೊಸದಾಗಿದ್ದರೆ ಹತ್ತಿರದ ಗುಡಿಯ ಕಂಬದ ಮೇಲೋ ನೆರೆಯ ಹಳೆಯ ಮನೆಯ ಗೋಡೆಯ ಮೇಲೋ ಇರುವ ಗುರುತನ್ನು ಹುಡುಕಿ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪೈಪು ಹಿಡಿದರೆ ಅರ್ಧ ಗಂಟೆಯಲ್ಲಿ ಆ ಮಟ್ಟವನ್ನು ನಿಮ್ಮ ಗೋಡೆಗೆ ತಂದುಕೊಳ್ಳಬಹುದು. ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಪ್ರತಿಯೊಂದು ವಸ್ತುವಿನ ಜಾಗ ಈ ಗೆರೆಗಿಂತ ಕನಿಷ್ಠ ಎರಡು ಅಡಿ ಮೇಲೆ. ಮುಂದಿನ ಹೊಳೆ ಹಿಂದಿನ ಗೆರೆಗೆ ಬಂದು ನಿಲ್ಲುತ್ತದೆ ಎಂಬ ಖಾತರಿ ಇಲ್ಲ.

ಎರಡನೆಯ ಗೆರೆ ಇದಕ್ಕಿಂತ ಮುಖ್ಯ. ಅದನ್ನು ಮನೆಯಲ್ಲಿ ಎಳೆಯಬೇಡಿ; ಊರಿನಿಂದ ಹೊರಗೆ ಹೋಗುವ ರಸ್ತೆಯಲ್ಲಿ ಎಲ್ಲಕ್ಕಿಂತ ಮೊದಲು ಮುಳುಗುವ ತಗ್ಗಿನಲ್ಲಿ ಎಳೆಯಿರಿ. ಬಹಳಷ್ಟು ಊರುಗಳಲ್ಲಿ ನೀರು ಮನೆಗೆ ನುಗ್ಗುವ ಎಷ್ಟೋ ಮೊದಲೇ ಹಳ್ಳದ ಸೇತುವೆ ಮುಳುಗಿ ಊರು ನಡುಗಡ್ಡೆಯಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ ಭಾಗದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ ಸೇತುವೆಗಳು ಜಲಾವೃತವಾದ ಸುದ್ದಿಯನ್ನು ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಗೋಕಾಕದ ಲೋಳಸೂರ ಸೇತುವೆಯ ಮೇಲೆ 2019ರಲ್ಲೂ 2024ರಲ್ಲೂ ನೀರು ಹರಿಯಿತು. ನಿಮ್ಮ ಸೇತುವೆಗೆ ನೀರು ಮುಟ್ಟಲು ಇನ್ನೂ ಮೂರು ಅಡಿ ಇರುವಾಗಲೇ ಮನೆಯಿಂದ ಹೊರಡುವುದು ಎಂದು ಈಗಲೇ ನಿರ್ಧರಿಸಿ, ಕಂಬದ ಮೇಲೆ ಗುರುತು ಹಾಕಿ, ಮನೆಯ ಎಲ್ಲರಿಗೂ ತೋರಿಸಿ. ಆ ದಿನ ಬಂದಾಗ ‘ಇನ್ನೂ ಸ್ವಲ್ಪ ನೋಡೋಣ’ ಎಂಬ ಚರ್ಚೆಗೆ ಅವಕಾಶ ಇರಬಾರದು.

2. ನಿಮ್ಮ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

ಕೃಷ್ಣೆಯ ದಂಡೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುತ್ತದೆ. ಮಳೆ ಬೀಳುವುದು ಮಹಾಬಳೇಶ್ವರದಲ್ಲಿ, ಕೊಯ್ನಾದ ಮೇಲ್ಭಾಗದಲ್ಲಿ, ಕೊಲ್ಹಾಪುರದ ಘಟ್ಟಗಳಲ್ಲಿ. ಅಥಣಿ, ರಾಯಬಾಗ, ಜಮಖಂಡಿಯವರು ತಮ್ಮ ತಲೆಯ ಮೇಲಿನ ಮೋಡ ನೋಡಿ ಸಮಾಧಾನಪಟ್ಟುಕೊಂಡರೆ ಮೋಸಹೋಗುತ್ತಾರೆ. ಹವಾಮಾನ ಇಲಾಖೆಯ ಎಚ್ಚರಿಕೆ ನೋಡುವಾಗ ಬೆಳಗಾವಿ, ಬಾಗಲಕೋಟೆಯ ಜೊತೆ ಸಾತಾರಾ ಮತ್ತು ಕೊಲ್ಹಾಪುರ ಜಿಲ್ಲೆಗಳದನ್ನೂ ನೋಡಿ. ಆರೆಂಜ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 115.6 ಮಿಲಿಮೀಟರಿನಿಂದ 204.4 ಮಿಲಿಮೀಟರಿನವರೆಗೆ, ರೆಡ್ ಅಲರ್ಟ್ ಎಂದರೆ ಅದಕ್ಕೂ ಮೀರಿದ ಮಳೆಯ ಸಂಭವ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟರು, ಕಲ್ಲೋಳದಲ್ಲಿ ದೂಧಗಂಗೆ ಸೇರಿದ ಮೇಲೆ ಅದು ಎಷ್ಟಾಯಿತು ಎಂಬ ಲೆಕ್ಕ ದಿನವೂ ಪತ್ರಿಕೆಯಲ್ಲಿ ಬರುತ್ತದೆ.

ಘಟಪ್ರಭೆಯವರು ಹಿಡಕಲ್ ಜಲಾಶಯದ ಸುದ್ದಿಯೊಂದನ್ನೇ ನೆಚ್ಚಬಾರದು. ಅಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿ ಜಲಾಶಯದ ಕೆಳಗೆ ಬಂದು ಸೇರುತ್ತದೆ, ಗೋಕಾಕದ ಬಳಿ ಮಾರ್ಕಂಡೇಯ ಸೇರುತ್ತದೆ. ನಮ್ಮ ಮಲಪ್ರಭೆಯದೂ ಅದೇ ಕಥೆ: ಖಾನಾಪುರದ ಮಳೆ ನವಿಲುತೀರ್ಥ ಜಲಾಶಯವನ್ನು ತುಂಬಿಸುತ್ತದೆ, ಅಲ್ಲಿಂದ ಕೆಳಗೆ ಬೆಣ್ಣೆಹಳ್ಳ ತನ್ನ ಪಾಲನ್ನು ಸೇರಿಸುತ್ತದೆ. ಬೆಣ್ಣೆಹಳ್ಳಕ್ಕೆ ಯಾವ ಗೇಟೂ ಇಲ್ಲ. ಕುಂದಗೋಳ, ನವಲಗುಂದದ ಕಡೆ ರಾತ್ರಿ ಜೋರು ಮಳೆಯಾದರೆ ಯಾರೂ ಬಾಗಿಲು ತಟ್ಟಿ ಎಚ್ಚರಿಸುವ ಮೊದಲೇ ಅದು ತುಂಬಿ ಬಂದಿರುತ್ತದೆ.

ಒಂದು ನೂರು ಪುಟದ ನೋಟುಬುಕ್ ತೆಗೆದುಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ಸಂಗತಿ ಬರೆಯಿರಿ: ತಾರೀಕು, ಮೇಲಿನ ಜಲಾಶಯದಿಂದ ಬಿಟ್ಟ ನೀರು ಎಷ್ಟು ಕ್ಯುಸೆಕ್, ನಿಮ್ಮೂರಿನಲ್ಲಿ ನೀರು ಯಾವ ಗುರುತಿಗೆ ಎಷ್ಟು ಗಂಟೆಗೆ ಬಂತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್; ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. 2019ರಲ್ಲಿ ಆಲಮಟ್ಟಿಯಿಂದ ಹೊರಬಿಟ್ಟದ್ದು 5 ಲಕ್ಷ ಕ್ಯುಸೆಕ್ ಮೀರಿತ್ತು. ಈ ಸಂಖ್ಯೆಗಳು ಟಿವಿಯಲ್ಲಿ ಕೇಳುವಾಗ ದೊಡ್ಡದಾಗಿ ಕಾಣುತ್ತವೆಯೇ ಹೊರತು ಮನೆಗೆ ಏನನ್ನೂ ಹೇಳುವುದಿಲ್ಲ. ಎರಡು ಮಳೆಗಾಲ ಬರೆದಿಟ್ಟರೆ, ಇಷ್ಟು ಬಿಟ್ಟರೆ ಇಷ್ಟು ಹೊತ್ತಿಗೆ ಹನುಮಪ್ಪನ ಗುಡಿಯ ಕಟ್ಟೆಗೆ ನೀರು ಬರುತ್ತದೆ ಎಂದು ನೀವೇ ಹೇಳಬಲ್ಲಿರಿ. ನಮ್ಮ ಮನೆಯ ಬುಕ್ಕನ್ನು ಈಗ ಓಣಿಯವರೆಲ್ಲ ಬಂದು ನೋಡಿಕೊಂಡು ಹೋಗುತ್ತಾರೆ.

ಅದೇ ಬುಕ್ಕಿನ ಮೊದಲ ಪುಟದಲ್ಲಿ ಈ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆಯಿರಿ: ಜಿಲ್ಲಾ ತುರ್ತು ನಿಯಂತ್ರಣ ಕೊಠಡಿ 1077, ಪೊಲೀಸ್ ಮತ್ತು ಅಗ್ನಿಶಾಮಕ 112, ಆಂಬ್ಯುಲೆನ್ಸ್ 108, ವಿದ್ಯುತ್ 1912, ಪಶು ಆಂಬ್ಯುಲೆನ್ಸ್ 1962, ಮಳೆಯ ಮಾಹಿತಿಗೆ ವರುಣಮಿತ್ರ 92433 45433. ಮೊಬೈಲ್ ಬ್ಯಾಟರಿ ಮುಗಿದಾಗ ಕಾಗದವೇ ಗತಿ.

3. ದನಗಳ ಏರ್ಪಾಡು ಮೊದಲು

ಸರ್ಕಾರದ ಸೂಚನೆಗಳಲ್ಲಿ ದನಕರುಗಳ ಮಾತು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ನಾನು ಮೊದಲು ಇಡುತ್ತೇನೆ. ಎಮ್ಮೆ ಗೋದಲಿಯಲ್ಲಿ ಕಟ್ಟಿರುವಾಗ ಮನೆಯ ಯಜಮಾನ ಬೋಟ್ ಹತ್ತುವುದಿಲ್ಲ. ಅವನು ಹತ್ತದಿದ್ದರೆ ಅವನ ಹೆಂಡತಿಯೂ ಹತ್ತುವುದಿಲ್ಲ. ದನಗಳು ಎರಡು ದಿನ ಮೊದಲು ದಿಬ್ಬದ ಮೇಲಿದ್ದರೆ ಮನೆ ಖಾಲಿಯಾಗುವುದು ಸುಲಭ.

ಎತ್ತರದ ಜಾಗದಲ್ಲಿ ಹೊಲ ಅಥವಾ ಕೊಟ್ಟಿಗೆ ಇರುವ ನೆಂಟರ ಜೊತೆ, ಇಲ್ಲವೇ ಪಕ್ಕದ ಊರಿನ ಪರಿಚಯದವರ ಜೊತೆ ಮೇ ತಿಂಗಳಲ್ಲೇ ಮಾತಾಡಿ ಒಪ್ಪಿಗೆ ಪಡೆಯಿರಿ. 2009ರ ನಂತರ ಹೊಳೆಗೆ ಮನೆ ಕಳೆದುಕೊಂಡವರಿಗಾಗಿ ಬಂದ ಆಸರೆ ಯೋಜನೆಯಲ್ಲಿ ಮನೆ ಸಿಕ್ಕಿದ್ದು, ಹೊಲಕ್ಕೆ ದೂರವಾಯಿತೆಂದು ಬೀಗ ಹಾಕಿಟ್ಟವರು ಬಹಳ ಮಂದಿ ಇದ್ದಾರೆ. ಆ ಮನೆಯ ಸುತ್ತ ಬೆಳೆದ ಜಾಲಿಯನ್ನು ಬೇಸಿಗೆಯಲ್ಲಿ ಕಡಿದು, ಸೋರುವ ಕಡೆ ದುರಸ್ತಿ ಮಾಡಿಟ್ಟರೆ ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆಯ ತಾಣ ಇಲ್ಲ. ಅಲ್ಲಿ ವಾಸ ಮಾಡದಿದ್ದರೂ ಪರವಾಗಿಲ್ಲ, ಮೇವು ಮತ್ತು ಕಾಳು ಅಲ್ಲಿರಲಿ.

ಒಂದು ದೊಡ್ಡ ದನಕ್ಕೆ ದಿನಕ್ಕೆ 5–6 ಕಿಲೋ ಒಣಮೇವು ಬೇಕೇ ಬೇಕು. ನಾಲ್ಕು ದನಗಳಿಗೆ ಹತ್ತು ದಿನಕ್ಕೆ ಸುಮಾರು ಎರಡೂವರೆ ಕ್ವಿಂಟಲ್ ಎಂದು ಹಿಡಿಯಿರಿ. ಹೊಳೆಯ ಪಕ್ಕದ ಬಣವೆಯಿಂದ ಅಷ್ಟು ಕಣಿಕೆಯನ್ನು ಮಳೆಗೆ ಮೊದಲು ಬಂಡಿಯಲ್ಲಿ ಹೇರಿ ಎತ್ತರಕ್ಕೆ ಸಾಗಿಸಿ, ತಾಡಪತ್ರಿ ಹೊದಿಸಿ. ಗಂಟಲು ಬೇನೆ, ಚಪ್ಪೆ ಬೇನೆಯ ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕಿಸಿ. ಹೊಳೆ ಬಂದಾಗ ಹತ್ತಾರು ಊರಿನ ದನಗಳು ಒಂದೇ ಕಡೆ ಸೇರುತ್ತವೆ, ರೋಗ ಹರಡಲು ಅಷ್ಟು ಸಾಕು. ದನದ ಕಿವಿಗೆ ಹಾಕಿದ ಓಲೆಯ 12 ಅಂಕಿಗಳನ್ನು ಬರೆದಿಟ್ಟುಕೊಂಡು, ದನದ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಳ್ಳಿ.

ಯಾವ ಏರ್ಪಾಡೂ ಕೈಗೂಡದೆ ನೀರು ಬಂದೇ ಬಿಟ್ಟಿತು ಎಂದಾದರೆ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಬಿಡಿ. ದನಗಳು ಈಜುತ್ತವೆ, ಎತ್ತರದ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಕಟ್ಟಿದ ದನಕ್ಕೆ ಆ ಅವಕಾಶವೂ ಇರುವುದಿಲ್ಲ. 2019ರಲ್ಲಿ ನೀರಿಳಿದ ಮೇಲೆ ಹಗ್ಗದ ಸಮೇತ ಸಿಕ್ಕಿದ ದನಗಳನ್ನು ನೋಡಿದ ನನಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

4. ಮನೆ

ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ತಿಳಿದಿರಲಿ. ನೀರು ಬಂದಾಗ ಅಂಥ ಮನೆಯ ಮಾಳಿಗೆ ಹತ್ತಿ ಕೂರಬಾರದು. ಬುಡ ನೆನೆದ ಗೋಡೆ ಮೇಲಿನ ಮಣ್ಣಿನ ಭಾರವನ್ನು, ಅದರ ಮೇಲಿನ ಜನರ ಭಾರವನ್ನು ಹೊರಲಾರದೆ ಕುಸಿಯುತ್ತದೆ. ಮೇಲೆ ಹತ್ತುವುದೇ ಆದರೆ ಆರ್‌ಸಿಸಿ ಕಟ್ಟಡವನ್ನು ಮೊದಲೇ ಗುರುತಿಸಿಡಿ. ಬೇಸಿಗೆಯಲ್ಲಿ ಗೋಡೆಯ ಬಿರುಕು ಮುಚ್ಚಿಸಿ, ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿಸಿ. ಇದರಿಂದ ಮನೆ ಹೊಳೆಯನ್ನು ತಡೆಯುತ್ತದೆ ಎನ್ನಲಾರೆ. ಆದರೆ ವಾರವಿಡೀ ಸುರಿಯುವ ಜಿಟಿಜಿಟಿ ಮಳೆಗೆ ಹೊಳೆಗಿಂತ ಮೊದಲೇ ಬೀಳುವ ಗೋಡೆಗಳು ಉಳಿಯುತ್ತವೆ.

ಕಾಳನ್ನು ಹಗೇವಿನಲ್ಲಿ (ನೆಲದೊಳಗಿನ ಕಣಜದಲ್ಲಿ) ಇಟ್ಟಿದ್ದರೆ ಜೂನ್‌ಗೆ ಮೊದಲು ತೆಗೆಯಿರಿ. ಒಮ್ಮೆ ನೀರು ಕುಡಿದ ಹಗೇವಿನ ಜೋಳ ದನಕ್ಕೂ ಬಾರದು. ಮಳೆಗಾಲದ ಮೂರು ತಿಂಗಳಿಗೆ ಬೇಕಾದಷ್ಟನ್ನು ಗೆರೆಯ ಮೇಲಿನ ಅಟ್ಟದಲ್ಲಿಟ್ಟು, ಉಳಿದದ್ದನ್ನು ಮಾರಿ ಅಥವಾ ಎತ್ತರದ ಊರಿನ ನೆಂಟರ ಮನೆಗೆ ಕಳುಹಿಸಿ. ಬಿತ್ತನೆ ಬೀಜಕ್ಕೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು.

ವಿದ್ಯುತ್ತಿನ ಮೇನ್ ಸ್ವಿಚ್ ಮತ್ತು ಮೀಟರ್ ಗೆರೆಗಿಂತ ಕೆಳಗಿದ್ದರೆ ಮೇಲಕ್ಕೆ ಹಾಕಿಸಿ. ಹೊರಡುವಾಗ ಮೇನ್ ಆರಿಸುವುದು ಕಡ್ಡಾಯ. ಕೈ ಒದ್ದೆಯಾಗಿದ್ದರೆ ಅಥವಾ ನೀವು ನೀರಿನಲ್ಲಿ ನಿಂತಿದ್ದರೆ ಮುಟ್ಟಲೇಬೇಡಿ. ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ. ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿಯಿರಿ.

ನದಿಯ ಪಂಪ್‌ಸೆಟ್ಟಿನ ವಿಷಯದಲ್ಲಿ ನಮ್ಮ ರೈತರು ಪ್ರತಿವರ್ಷ ಪ್ರಾಣ ಪಣಕ್ಕಿಡುತ್ತಾರೆ. ನೀರು ಏರುತ್ತಿರುವಾಗ ರಾತ್ರಿ ಬ್ಯಾಟರಿ ಹಿಡಿದು ಮೋಟರ್ ಎತ್ತಲು ಹೋಗುತ್ತಾರೆ. ಕಾಲಿನ ಕೆಳಗೆ ದಂಡೆ ಕುಸಿಯುತ್ತದೆ, ಇಲ್ಲವೇ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕರೆಂಟ್ ಇರುತ್ತದೆ. ಮುಂಗಾರು ಶುರುವಾಗಿ ನೀರೆತ್ತುವ ಅಗತ್ಯ ಕಡಿಮೆಯಾದ ಕೂಡಲೇ, ಹಗಲಿನಲ್ಲಿ, ನಾಲ್ಕು ಜನ ಸೇರಿ ಮೋಟರನ್ನು ಮೇಲಕ್ಕೆ ತನ್ನಿ. ತಡವಾಗಿದ್ದರೆ ಮೋಟರ್ ಹೋಗಲಿ ಬಿಡಿ.

5. ಗಂಟು

ಕಾಗದಪತ್ರಗಳ ಮೂಲಪ್ರತಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಅದನ್ನು ಇನ್ನೊಂದು ಚೀಲದಲ್ಲಿಡಿ: ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹೊಲದ ಖರೀದಿ ಪತ್ರ, ಹಕ್ಕುಪತ್ರ, ಮಕ್ಕಳ ಅಂಕಪಟ್ಟಿ, ವಿಮೆಯ ಕಾಗದ. ಎಲ್ಲದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿ. ಪಹಣಿ ಮತ್ತೆ ಸಿಗುತ್ತದೆ. 1970ರ ಖರೀದಿ ಪತ್ರಕ್ಕೆ ಅಲೆದಾಟ ತಪ್ಪದು. ಮನೆಯ ದಾಖಲೆ ನಿಮ್ಮ ಹೆಸರಿಗೆ ಇದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಈಗಲೇ ನೋಡಿಸಿ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಯಾದ ಇ–ಸ್ವತ್ತಿನ ನಮೂನೆ 9, 11 ಇಲ್ಲದೆ, ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಮನೆಗಳ ಪರಿಹಾರಕ್ಕಾಗಿ ಜನ ತಿಂಗಳುಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ.

ಆಹಾರದ ಬಗ್ಗೆ ನಮ್ಮ ಭಾಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬೆಲ್ಲ, ಪುಠಾಣಿ, ಅವಲಕ್ಕಿ. ಇವಕ್ಕೆ ಒಲೆ ಬೇಡ, ಫ್ರಿಜ್ ಬೇಡ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಹಬ್ಬಕ್ಕೆ ಕಟ್ಟಿದ ಉಂಡಿಗಳನ್ನು ಅವ್ವ ಡಬ್ಬಿಯ ಸಮೇತ ಹೊತ್ತುಕೊಂಡು ಬಂದಿದ್ದಳು. ಶಾಲೆಯ ಕೋಣೆಯಲ್ಲಿ ಮೊದಲ ಎರಡು ದಿನ ಓಣಿಯ ಮಕ್ಕಳ ಹೊಟ್ಟೆ ತುಂಬಿಸಿದ್ದು ಆ ಡಬ್ಬಿ. ಐದು ದಿನಕ್ಕೆ ಸಾಕಾಗುವಷ್ಟು ರೊಟ್ಟಿಯನ್ನು ಜುಲೈನಿಂದಲೇ ಬುಟ್ಟಿಯಲ್ಲಿ ಕಟ್ಟಿಡಿ, ತಿಂದು ಮುಗಿದಂತೆ ಹೊಸದು ಮಾಡಿಡಿ.

ಕುಡಿಯುವ ನೀರಿನ ಕ್ಯಾನ್, ಟಾರ್ಚ್, ಪವರ್ ಬ್ಯಾಂಕ್, ಬೆಂಕಿಪೆಟ್ಟಿಗೆ, ಹಗ್ಗ, ಸೀಟಿ, ತಾಡಪತ್ರಿ, ಚಿಲ್ಲರೆ ನೋಟುಗಳು, ಹೆಣ್ಣುಮಕ್ಕಳಿಗೆ ಪ್ಯಾಡ್, ಒಂದೊಂದು ಜೊತೆ ಬಟ್ಟೆ ಗಂಟಿನಲ್ಲಿರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕನಿಷ್ಠ ಹದಿನೈದು ದಿನಕ್ಕೆ ಬೇಕು.

6. ಹೊರಡುವುದು

ಎರಡನೆಯ ಗೆರೆಗೆ ನೀರು ಬಂತು ಎಂದರೆ ಹೊರಡಿ. ಅದಕ್ಕೂ ಮೊದಲು ಹೋಗಬೇಕಾದವರು ಇದ್ದಾರೆ: ದಿನ ತುಂಬಿದ ಗರ್ಭಿಣಿಯರು, ಬಾಣಂತಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ನಡೆಯಲಾರದ ಹಿರಿಯರು. ಇವರನ್ನು ಆರೆಂಜ್ ಅಲರ್ಟ್ ಬಂದ ದಿನವೇ ಕಳುಹಿಸಿಬಿಡಿ. ಆಶಾ ಕಾರ್ಯಕರ್ತೆಯ ಬಳಿ ಇವರ ಪಟ್ಟಿ ಇರಲಿ. ಎತ್ತಬೇಕಾದವರಿಗೆ ಹೊರಸೇ (ಹಗ್ಗದ ಮಂಚ) ಒಳ್ಳೆಯ ಸಾಧನ. ನಾಲ್ಕು ಜನರ ಹೆಸರನ್ನು ಮೊದಲೇ ಗೊತ್ತು ಮಾಡಿ, ಒಮ್ಮೆ ಬರಿ ಹೊರಸು ಎತ್ತಿ ಬಾಗಿಲಿನಲ್ಲಿ ತೂರುತ್ತದೆಯೇ ಎಂದು ನೋಡಿ.

ಮನೆ ಬಿಟ್ಟು ಬಂದವರಿಗೆ ಆಸರೆ ಕೊಡುವ ಸರ್ಕಾರದ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ ಎಂದು ಪಂಚಾಯಿತಿಯಲ್ಲಿ ಕೇಳಿಟ್ಟುಕೊಳ್ಳಿ. ನೀರು ಹರಿಯುವ ಸೇತುವೆಯನ್ನು ದಾಟಬೇಡಿ. ಅರ್ಧ ಅಡಿ ಆಳದ ಸೆಳವು ಗಟ್ಟಿಮುಟ್ಟಾದ ಮನುಷ್ಯನ ಕಾಲು ತಪ್ಪಿಸುತ್ತದೆ, ಎರಡು ಅಡಿ ನೀರು ಜೀಪನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೇ ಎಂಬುದು ದಂಡೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಹೋದ ವರ್ಷ ದಾಟಿದ್ದೆ ಎಂಬ ಧೈರ್ಯ ಬೇಡ.

7. ನೀರಿಳಿದ ಮೇಲೆ

ಮಣ್ಣಿನ ಗೋಡೆಗಳು ನೀರಿನಲ್ಲಿ ನಿಂತಿದ್ದು, ಇಳಿದು ಬಿಸಿಲು ಬಿದ್ದ ಮೇಲೆ ಬೀಳುವುದುಂಟು. ಹೊರಗಿನಿಂದ ಸುತ್ತು ಬಂದು ನೋಡಿ. ಗೋಡೆ ಉಬ್ಬಿದ್ದರೆ, ಬುಡ ಕೊರೆದಿದ್ದರೆ, ತೊಲೆ ಜಾರಿದ್ದರೆ ಒಳಗೆ ಹೆಜ್ಜೆ ಇಡಬೇಡಿ. ಅಂಥ ಮನೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ಒಳಗೆ ಹೋಗುವುದಾದರೆ ಬೂಟು ಹಾಕಿ, ಕೋಲಿನಿಂದ ಬಡಿದು ಸದ್ದು ಮಾಡುತ್ತ ಹೋಗಿ. ಒಣ ಜಾಗ ಹುಡುಕಿ ಬಂದ ಹಾವುಗಳು ಅಟ್ಟದಲ್ಲಿ, ಹಾಸಿಗೆಯಲ್ಲಿ, ಒಲೆಯ ಗೂಡಿನಲ್ಲಿ ಇರುತ್ತವೆ. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಸಬರಿಗೆ ಹಿಡಿಯುವ ಮೊದಲು ಫೋಟೊ ತೆಗೆಯಿರಿ: ಗೋಡೆಯ ಮೇಲಿನ ನೀರಿನ ಗುರುತು, ಬಿದ್ದ ಭಾಗ, ಹಾಳಾದ ಕಾಳು. ಗ್ರಾಮ ಆಡಳಿತ ಅಧಿಕಾರಿ ಮತ್ತು ಎಂಜಿನಿಯರ್ ಬಂದು ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಗಿತ್ತು, ಅಲ್ಪ ಹಾನಿಯ ಮನೆಗೆ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಪಂಚನಾಮೆಯನ್ನು ಓದದೆ ಸಹಿ ಹಾಕಬೇಡಿ, ಪ್ರತಿ ಕೇಳಿ ಪಡೆಯಿರಿ. ಸತ್ತ ದನವನ್ನು ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ. ಬೆಳೆ ವಿಮೆ ಮಾಡಿಸಿದ್ದರೆ 72 ಗಂಟೆಯೊಳಗೆ ಹಾನಿಯ ಸುದ್ದಿ ಮುಟ್ಟಿಸಬೇಕು.

ರಾಡಿ ಒಣಗುವ ಮೊದಲೇ ಎಳೆದು ಹಾಕಿ. ಒಣಗಿದರೆ ಗುದ್ದಲಿ ಬೇಕಾಗುತ್ತದೆ. ಲೈನ್‌ಮನ್ ಪರೀಕ್ಷಿಸದೆ ಮೇನ್ ಹಾಕಬೇಡಿ. ಬಾವಿಯ ನೀರನ್ನು ಪೂರ್ತಿ ಹೊರಗೆ ಎತ್ತಿಸಿ, ಹೊಸ ನೀರು ಬಂದ ಮೇಲೆ ಪ್ರತಿ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೆರೆಸಿ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು, ಆಮೇಲೆ ಒಂದು ಗಂಟೆಯಾದರೂ ನೀರು ಸೇದಬಾರದು. ಆಮೇಲೂ ಕೆಲವು ವಾರ ಕುದಿಸಿಯೇ ಕುಡಿಯಿರಿ. ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಸಿಗುವವರೆಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸುತ್ತಿರಿ. ರಾಡಿಯಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು ಬಂದರೆ ಇಲಿ ಜ್ವರ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವ ಮೊದಲು ಪೇಂಟಿನ ಡಬ್ಬಿ ಮತ್ತೆ ಹೊರಗೆ ತೆಗೆಯಿರಿ. ಗೋಡೆಯ ಮೇಲೆ ರಾಡಿ ಬಿಟ್ಟುಹೋದ ಹೊಸ ಗುರುತಿನ ಮೇಲೆ ಗೆರೆ ಎಳೆದು, ಈ ವರ್ಷವನ್ನು ಬರೆಯಿರಿ. ಅಟ್ಟ ಅದಕ್ಕಿಂತ ಎರಡು ಅಡಿ ಮೇಲಿದೆಯೇ ಎಂದು ಅಳೆದು ನೋಡಿ.